ವಿಂಚ್ ಕೈಕೊಟ್ಟರೆ ಮೊದಲು ಎಲ್ಲಿ ನೋಡಬೇಕು?

ವರದಾ ನದಿ ದಂಡೆಯ ಹೊಸರಿತ್ತಿ. ಜೋರು ಮಳೆ ಬಿದ್ದರೆ ಎರೆಹೊಲದ ದಾರಿಯಲ್ಲಿ ಜೀಪಿನ ಗಾಲಿ ಅಚ್ಚಿನವರೆಗೂ ಹೂತುಹೋಗುತ್ತದೆ. ಆಗ ಆಸರೆ ಮುಂದಿನ ಬಂಪರಿನ ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು ಯಂತ್ರ. ಅದೇ ಕೈಕೊಟ್ಟರೆ?

ಸ್ವಿಚ್ ಒತ್ತಿದರೂ ಸದ್ದೇ ಇಲ್ಲವೇ? ರಿಮೋಟಿನ ಪ್ಲಗ್, ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ನೋಡಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಕಿಲುಬು ಕಟ್ಟಿದ್ದರೆ ನೆಗೆಟಿವ್ ವೈರ್ ಮೊದಲು ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ನಟ್ ಬಿಗಿ ಮಾಡಿ.

'ಟಕ್' ಎಂದು ಸದ್ದಾಗಿಯೂ ಮೋಟಾರು ತಿರುಗದಿದ್ದರೆ ಮಲ್ಟಿಮೀಟರ್ ಹಚ್ಚಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ಸರಿಯಿದ್ದು, ಸೊಲೆನಾಯ್ಡಿನವರೆಗೆ (ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್) ಬಂದ ಕರೆಂಟ್ ಮೋಟಾರಿನ ಕಡೆಗೆ ದಾಟದಿದ್ದರೆ ಸೊಲೆನಾಯ್ಡ್ ಬದಲಿಸಬೇಕು.

ಮೋಟಾರು ತಿರುಗಿಯೂ ಡ್ರಮ್ ತಿರುಗದಿದ್ದರೆ ಕ್ಲಚ್ ಲಿವರ್ ಪೂರ್ತಿ ಕೂತಿದೆಯೇ ನೋಡಿ.

ಎಳೆತ ನಿಧಾನವೇ? ಪೂರ್ಣ ಭಾರದಲ್ಲಿ ದೊಡ್ಡ ವಿಂಚ್ ಸುಮಾರು 400 ಆಂಪಿಯರ್ ಬೇಡುತ್ತದೆ. ಎಂಜಿನ್ ಚಾಲೂ ಇರಲಿ, ನಡುನಡುವೆ ಮೋಟಾರು ತಣಿಯಲಿ. ಪುಲ್ಲಿ ಹಾಕಿ ಹಗ್ಗ ಇಮ್ಮಡಿಸಿದರೆ ವಿಂಚಿನ ಮೇಲಿನ ಹೊರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಉಕ್ಕಿನ ಹಗ್ಗದ ಎಳೆ ಕಡಿದಿದ್ದರೆ ಬಳಸಲೇಬೇಡಿ. ಡ್ರಮ್ ಮೇಲೆ ಕನಿಷ್ಠ 5 ಸುತ್ತು ಉಳಿದಿರಲಿ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.