ಸುಣ್ಣ ಕಟ್ಟಿದ ಡ್ರಿಪ್ಪರ್, ಗುರುತು ಸಿಗದ ಹುಲ್ಲು

ಪ್ರಶ್ನೆ: ಕೈತೋಟದ ಹನಿ ನೀರಾವರಿಯಲ್ಲಿ ಕೆಲವು ಗಿಡಗಳಿಗೆ ನೀರೇ ಬೀಳುತ್ತಿಲ್ಲ. ಸರಿಪಡಿಸುವುದು ಹೇಗೆ? ಬೇಲಿ ಬದಿಯ ಎತ್ತರದ ಹುಲ್ಲಿನ ಪೊದೆ ಮಜ್ಜಿಗೆ ಹುಲ್ಲೋ ಲಾವಂಚವೋ?

ಉತ್ತರ: ಡ್ರಿಪ್ಪರಿನ ಬಾಯಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಕೊಳವೆಬಾವಿಯ ಗಡಸು ನೀರು ಆರಿದಾಗಲೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿದು ಸಣ್ಣ ರಂಧ್ರ ಮುಚ್ಚುತ್ತದೆ. ಮೊದಲು ಫಿಲ್ಟರಿನ ಜಾಲರಿ ಬಿಚ್ಚಿ ತೊಳೆಯಿರಿ. ಆಮೇಲೆ ಪೈಪಿನ ತುದಿಯ ಮುಚ್ಚಳ ತೆಗೆದು, ಕೆಸರೆಲ್ಲ ಹೋಗಿ ತಿಳಿನೀರು ಬರುವವರೆಗೆ ಹರಿಯಬಿಡಿ. ಬಿಚ್ಚಲು ಬರುವ ಡ್ರಿಪ್ಪರುಗಳನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಪಿನ್ನು ಮಾತ್ರ ಚುಚ್ಚಬೇಡಿ. ರಂಧ್ರ ಹಿಗ್ಗಿದರೆ ಗಂಟೆಗೆ 4 ಲೀಟರ್ ಕೊಡಬೇಕಾದ ಡ್ರಿಪ್ಪರ್ ಧಾರೆಯಾಗಿ ಸುರಿಸಿ, ಮುಂದಿನ ಗಿಡಗಳ ಪಾಲನ್ನೂ ಕಸಿಯುತ್ತದೆ. ಅಳಿಲು ಕಡಿದ ಪೈಪಿಗೆ ಟೇಪು ಸುತ್ತಿದರೆ ಹೆಚ್ಚು ದಿನ ನಿಲ್ಲದು. ಆ ತುಂಡು ಕತ್ತರಿಸಿ ಜಾಯಿನರ್ ಹಾಕಿ.

ಇನ್ನು ಹುಲ್ಲು. ಎಲೆಯನ್ನು ಹಿಸುಕಿ ಮೂಸಿ. ನಿಂಬೆಯ ಘಮ ಬಂದರೆ ಮಜ್ಜಿಗೆ ಹುಲ್ಲು. ಕಷಾಯಕ್ಕೂ ಮಜ್ಜಿಗೆಗೂ ಧಾರಾಳವಾಗಿ ಕೊಯ್ಯಬಹುದು. ಲಾವಂಚದ ಎಲೆಗೆ ಅಂಥ ಘಮವಿಲ್ಲ, ಪರಿಮಳವೆಲ್ಲ ಬೇರಿನಲ್ಲಿ. ಬುಡದ ಮಣ್ಣು ಸ್ವಲ್ಪ ಸರಿಸಿ ಒಂದೆರಡು ಬೇರು ತಿಕ್ಕಿ ನೋಡಿ, ಬೇಸಿಗೆಯ ಮಡಕೆ ನೀರಿನ ನೆನಪಾಗುತ್ತದೆ. ಲಾವಂಚವೇ ಆಗಿದ್ದರೆ ದಯವಿಟ್ಟು ಕೀಳಬೇಡಿ. ಅದರ ಬೇರು ಅಕ್ಕಪಕ್ಕ ಹಬ್ಬದೆ ನೇರ ಕೆಳಗೆ 3 ಮೀಟರಿನವರೆಗೂ ಇಳಿದು ಮಣ್ಣನ್ನು ಹಿಡಿದಿಡುತ್ತದೆ. ಎರಡೂ ಅಲ್ಲವೆನಿಸಿದರೆ ತೆನೆ ಬರುವವರೆಗೆ ಕಾಯಿರಿ. ಹುಲ್ಲಿನ ಜಾತಿ ಖಚಿತವಾಗುವುದು ತೆನೆಯಿಂದಲೇ.