ಚಷ್ಮಾ ಹಾಕಿದರೂ ಮಗುವಿಗೆ ಕಾಣದಿದ್ದರೆ: ಬ್ಯಾಟನ್ ಕಾಯಿಲೆ ಮತ್ತು ಇಲಿಗಳ ಕಣ್ಣು

ಆರು ವರ್ಷದ ಮಗುವಿಗೆ ಶಾಲೆಯ ಬೋರ್ಡು ಕಾಣುತ್ತಿಲ್ಲ. ಭಾಲ್ಕಿಗೆ ಹೋಗಿ ಚಷ್ಮಾ ಮಾಡಿಸಿದಿರಿ. ಕೆಲವೇ ತಿಂಗಳಲ್ಲಿ ಅದೂ ಸಾಲದಾಯಿತು. ಮಗು ತಾಟಿನಲ್ಲಿರುವ ರೊಟ್ಟಿಯನ್ನು ತಡವಿ ಹುಡುಕುತ್ತದೆ. ಹೀಗಾದಾಗ ಕಾರಣ ಬಹುತೇಕ ಸಾಮಾನ್ಯದ್ದೇ ಇರುತ್ತದೆ, ಹಲವಕ್ಕೆ ಚಿಕಿತ್ಸೆಯೂ ಇದೆ. ಆದರೆ ಮೊದಲು ಕಣ್ಣಿನಲ್ಲಿ ತೋರಿ, ಆಮೇಲೆ ಮಿದುಳಿಗೆ ಬರುವ ಅಪರೂಪದ ಕಾಯಿಲೆಯೊಂದಿದೆ. ನಮ್ಮ ಬೀದರ್ ಜಿಲ್ಲೆಯ ಮೆಹಕರದಂಥ ಊರಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಬ್ಯಾಟನ್ ಕಾಯಿಲೆ. 1903ರಲ್ಲಿ ಇದನ್ನು ವಿವರಿಸಿದ ಬ್ರಿಟನ್ನಿನ ವೈದ್ಯ ಫ್ರೆಡರಿಕ್ ಬ್ಯಾಟನ್ ಅವರ ಹೆಸರೇ ಇದಕ್ಕೆ ಬಂದಿದೆ. ಡಾಕ್ಟರ ಚೀಟಿಯಲ್ಲಿ ‘ಎನ್‌ಸಿಎಲ್’ ಎಂದಿರಬಹುದು. ನಮ್ಮ ಜೀವಕೋಶಗಳಲ್ಲಿ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿವೆ. ಬೇಡವಾದ ವಸ್ತುವನ್ನು ಒಡೆದು ಕರಗಿಸುವುದು ಅವುಗಳ ಕೆಲಸ. ಒಂದು ಜೀನ್, ಅಂದರೆ ವಂಶವಾಹಿ, ಕೆಟ್ಟಾಗ ಆ ಕೆಲಸ ನಿಲ್ಲುತ್ತದೆ. ಕೋಶದೊಳಗೆ ಕಸ ತುಂಬುತ್ತದೆ, ನರಕೋಶಗಳು ಸಾಯುತ್ತವೆ. ಇಂಥ ಜೀನ್‌ಗಳು ಹತ್ತಕ್ಕೂ ಹೆಚ್ಚು, ಕೆಟ್ಟ ಜೀನಿನ ಹೆಸರೇ ಕಾಯಿಲೆಯ ಬಗೆಗೂ. ಸಿಎಲ್‌ಎನ್3 ಬಗೆಯಲ್ಲಿ ನಾಲ್ಕರಿಂದ ಏಳು ವರ್ಷದೊಳಗೆ ದೃಷ್ಟಿ ಕುಂದತೊಡಗುತ್ತದೆ. ಫಿಟ್ಸ್, ಮರೆವು, ನಡಿಗೆಯ ತೊಂದರೆ ಆಮೇಲೆ. ಸಿಎಲ್‌ಎನ್2 ಬಗೆಯಲ್ಲಿ ತಿರುವುಮುರುವು: ಎರಡರಿಂದ ನಾಲ್ಕು ವರ್ಷದೊಳಗೆ ಫಿಟ್ಸ್, ದೃಷ್ಟಿ ಹೋಗುವುದು ನಂತರ. ಇದು ಹೊರದೇಶದ ಕಾಯಿಲೆ ಎಂದುಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತಾವು ಕಂಡ ಇಂಥ ರೋಗಿಗಳ ಬಗ್ಗೆ 2004ರಲ್ಲೇ ಬರೆದಿದ್ದಾರೆ.

ಈ ಕಾಯಿಲೆಯನ್ನು ಇಲಿಗಳಲ್ಲಿ ಅಧ್ಯಯನ ಮಾಡುತ್ತಾರೆ. ಇಲಿಗಳೇಕೆ? ಮಗುವಿನ ಕಣ್ಣಿನಿಂದ ರೆಟಿನಾ, ಅಂದರೆ ಬೆಳಕು ಬೀಳುವ ಒಳಪದರ, ತೆಗೆದು ನೋಡಲಾಗದು. ಇಲಿಯಲ್ಲಿ ಅದೇ ಜೀನ್ ಕೆಡಿಸಿ, ವಾರವಾರಕ್ಕೂ ಏನಾಗುತ್ತದೆಂದು ನೋಡಬಹುದು. ತಾನಾಗಿಯೇ ಆ ದೋಷ ಹೊತ್ತು ಹುಟ್ಟಿದ ಇಲಿಗಳೂ ಸಿಕ್ಕಿವೆ. ಸಿಎಲ್‌ಎನ್6 ಬಗೆಯದು ಅಂಥದ್ದೊಂದು.

ಇಲಿಗೆ ಕಾಣುತ್ತದೋ ಇಲ್ಲವೋ ಎಂದು ತಿಳಿಯುವುದು ಹೀಗೆ. ಸಣ್ಣ ಕಟ್ಟೆಯ ಮೇಲೆ ಇಲಿಯನ್ನು ಬಿಟ್ಟು, ಸುತ್ತಲೂ ಕಪ್ಪು ಬಿಳಿ ಪಟ್ಟೆಗಳನ್ನು ತಿರುಗಿಸುತ್ತಾರೆ. ಕಂಡರೆ ಪಟ್ಟೆಯ ಜೊತೆ ತಲೆ ತಿರುಗಿಸುತ್ತದೆ. ಪಟ್ಟೆಗಳನ್ನು ಕಿರಿದು ಮಾಡುತ್ತ ಹೋಗಿ, ತಲೆ ಎಲ್ಲಿ ನಿಲ್ಲುತ್ತದೆಂದು ಬರೆದುಕೊಳ್ಳುತ್ತಾರೆ. ಇನ್ನೊಂದು ಇಆರ್‌ಜಿ, ಹೃದಯದ ಇಸಿಜಿಯಂತೆ ಕಣ್ಣಿನ ವಿದ್ಯುತ್ ಪರೀಕ್ಷೆ. ರಾತ್ರಿಯಿಡೀ ಕತ್ತಲಲ್ಲಿಟ್ಟ ಇಲಿಗೆ ಅರಿವಳಿಕೆ ಕೊಟ್ಟು, ಕಣ್ಣಿಗೆ ತಂತಿ ತಾಗಿಸಿ, ಬೆಳಕು ಮಿಂಚಿಸುತ್ತಾರೆ. ಮೊದಲು ಕೆಳಗಿಳಿಯುವ ಗೆರೆ ಬೆಳಕು ಹಿಡಿಯುವ ಕೋಶಗಳದ್ದು. ಆಮೇಲೆ ಮೇಲೇರುವ ಗೆರೆ ಅವುಗಳಿಂದ ಸಂದೇಶ ಪಡೆದು ಮುಂದೆ ದಾಟಿಸುವ ಬೈಪೋಲಾರ್ ಕೋಶಗಳದ್ದು.

ಇಂಥ ಪರೀಕ್ಷೆಗಳಿಂದಲೇ ದೊಡ್ಡ ವಿಷಯ ಗೊತ್ತಾಯಿತು. ಸಿಎಲ್‌ಎನ್6 ಇಲಿಯಲ್ಲಿ ಬೆಳಕು ಹಿಡಿಯುವ ಕೋಶಗಳು ಸಾಯುತ್ತವೆ. ಸರಿಯಾದ ಜೀನನ್ನು ನಿರುಪದ್ರವಿ ವೈರಸ್ ಮೂಲಕ ಆ ಕೋಶಗಳಿಗೇ ಕೊಟ್ಟರೂ ಪ್ರಯೋಜನವಾಗಲಿಲ್ಲ. ಬೈಪೋಲಾರ್ ಕೋಶಗಳಿಗೆ ಕೊಟ್ಟಾಗ ಬೆಳಕು ಹಿಡಿಯುವ ಕೋಶಗಳು ಉಳಿದವು. 2018ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನು ಪ್ರಕಟಿಸಿದರು. ಸಾಯುವ ಕೋಶ ಒಂದು, ಮದ್ದು ಬೇಕಾದ ಕೋಶ ಇನ್ನೊಂದು. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಆದರೂ ಅವಸರ ಬೇಡ. ಸಿಎಲ್‌ಎನ್3 ಇಲಿಯ ಕಣ್ಣು ಮಗುವಿನ ಕಣ್ಣಿನಷ್ಟು ಕೆಡುವುದಿಲ್ಲ. ಮೇಲಾಗಿ ಇಲಿ ರಾತ್ರಿ ಓಡಾಡುವ ಪ್ರಾಣಿ. ನಾವು ಓದಲು ಬಳಸುವ ರೆಟಿನಾದ ನಡುಭಾಗ, ಮ್ಯಾಕ್ಯುಲಾ, ಅದಕ್ಕಿಲ್ಲವೇ ಇಲ್ಲ.

ಹಾಗಾದರೆ ಔಷಧವಿಲ್ಲವೇ? ಸಿಎಲ್‌ಎನ್2 ಬಗೆಗೆ ಮಾತ್ರ ಒಂದಿದೆ: ಸೆರ್ಲಿಪೊನೇಸ್ ಆಲ್ಫಾ. ಅಮೆರಿಕ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವಾರಕ್ಕೊಮ್ಮೆ ನೇರ ಮಿದುಳಿನ ದ್ರವಕ್ಕೆ ಹನಿಸಬೇಕು. 2017ರಲ್ಲಿ ಅಲ್ಲಿನ ಬೆಲೆ ವರ್ಷಕ್ಕೆ ಸುಮಾರು 7 ಲಕ್ಷ ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಕೋಟಿಗಟ್ಟಲೆ. ನಡೆದಾಡುವ ಶಕ್ತಿ ಕುಂದುವುದನ್ನು ಅದು ನಿಧಾನಿಸುತ್ತದೆ. ದೃಷ್ಟಿಯನ್ನು ಮಾತ್ರ ಉಳಿಸದು, ಏಕೆಂದರೆ ಮಿದುಳಿಗೆ ಹಾಕಿದ್ದು ರೆಟಿನಾಕ್ಕೆ ಮುಟ್ಟುವುದಿಲ್ಲ. ಕಣ್ಣಿಗೆ ಬೇರೆಯಾಗಿಯೇ ಚಿಕಿತ್ಸೆ ಬೇಕು. ಇಲಿಗಳ ಕಣ್ಣಿನ ಮೇಲೆ ಇಷ್ಟು ಕೆಲಸ ನಡೆದಿರುವುದು ಅದಕ್ಕೇ. ‘ಇಲಿಗೆ ಗುಣವಾಯಿತು, ನಿಮ್ಮ ಮಗುವಿಗೂ ಮಾಡುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಈ ಕಾಯಿಲೆ ಅಂಟುವುದಿಲ್ಲ, ಮೊಬೈಲ್ ನೋಡಿ ಬರುವುದಿಲ್ಲ. ಬಹುತೇಕ ಬಗೆಗಳಲ್ಲಿ ತಂದೆ ತಾಯಿ ಇಬ್ಬರೂ ದೋಷವಿರುವ ಜೀನಿನ ಒಂದೊಂದು ಪ್ರತಿ ಹೊತ್ತಿರುತ್ತಾರೆ, ಇಬ್ಬರಿಗೂ ಏನೂ ತೊಂದರೆ ಇರುವುದಿಲ್ಲ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು. ತಾಯಿಯನ್ನು ದೂರುವ ಮಾತಂತೂ ಬೇಡವೇ ಬೇಡ. ದೋಷ ಯಾವುದೆಂದು ಗೊತ್ತಾಗಿದ್ದರೆ ಮುಂದಿನ ಬಸಿರಿನ 11ರಿಂದ 13ನೇ ವಾರದಲ್ಲಿ ಪರೀಕ್ಷೆ ಮಾಡಿಸಬಹುದು.

ಎಲ್ಲಿ ತೋರಿಸುವುದು? ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ, ಅವರಿಗೆ ಹೇಳಿ. ಇಲ್ಲವೇ ನೇರವಾಗಿ ಬೀದರಿನ ಬ್ರಿಮ್ಸ್ ದವಾಖಾನೆಗೆ ಹೋಗಿ, ಕಣ್ಣಿನ ಡಾಕ್ಟರ ಜೊತೆ ಮಕ್ಕಳ ಡಾಕ್ಟರಿಗೂ ತೋರಿಸಿ. ಅನುಮಾನ ಬಂದರೆ ರಕ್ತದಲ್ಲಿ ಕಿಣ್ವ ಪರೀಕ್ಷೆ, ಜೀನ್ ಪರೀಕ್ಷೆ ಬೇಕಾಗುತ್ತದೆ. ಖಾಸಗಿಯಲ್ಲಿ ಜೀನ್ ಪರೀಕ್ಷೆಗೆ ಹತ್ತಾರು ಸಾವಿರ ರೂಪಾಯಿ. ಅದಕ್ಕೂ ಮೊದಲು ಅಪರೂಪದ ಕಾಯಿಲೆಗಳ ಸರ್ಕಾರಿ ಕೇಂದ್ರದಲ್ಲಿ ವಿಚಾರಿಸಿ. ನಮಗೆ ಹತ್ತಿರದ್ದು ಹೈದರಾಬಾದಿನ ನಿಮ್ಸ್ ಮತ್ತು ಸಿಡಿಎಫ್‌ಡಿ. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆ. ಕೇಂದ್ರ ಸರ್ಕಾರದ 2021ರ ನೀತಿಯಲ್ಲಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಮಗುವಿನ ಕಾಯಿಲೆ ಅದರಲ್ಲಿ ಬರುತ್ತದೆಯೇ ಎಂದು ಅಲ್ಲೇ ಕೇಳಿ.

ಹೋಗುವಾಗ ಚಷ್ಮಾದ ಹಳೆಯ ಚೀಟಿಗಳೆಲ್ಲ ಇರಲಿ. ಮಗು ಮೊದಲು ಏನೇನು ಮಾಡುತ್ತಿತ್ತು, ಯಾವಾಗ ಬಿಟ್ಟಿತು ಎಂದು ಬರೆದುಕೊಳ್ಳಿ. ಫಿಟ್ಸ್ ಬಂದಿದ್ದರೆ ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಡಾಕ್ಟರಿಗೆ ತೋರಿಸಿ.