ಬಾಣಕ್ಕಿಂತ ಮೊದಲು ಮುಟ್ಟುವ ಸದ್ದು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಅಕ್ಕನ ಮಗ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದ. ಪರದೆಯ ಮೇಲೆ ಒಂದು ಕ್ರಾಸ್‌ಬೋ. ಬಂದೂಕಿನಂಥ ಹಿಡಿ, ಅದರ ಮೂತಿಗೆ ಅಡ್ಡಲಾಗಿ ಕೂರಿಸಿದ ಬಿಲ್ಲು, ಮೇಲೊಂದು ದುರ್ಬೀನು. ಅಮೆರಿಕದಲ್ಲಿ ಯಾರೋ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕೂತು ಅದರಿಂದ ಜಿಂಕೆ ಹೊಡೆಯುತ್ತಿದ್ದ.

"ಮಾವ, ಇದರಲ್ಲಿ ನಿಜವಾಗ್ಲೂ ಜಿಂಕೆ ಬೀಳುತ್ತಾ?"

ಕಿಟಕಿಯಾಚೆ ಊರಿಗಾಂ ಹತ್ತಿರದ, ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಹಾದುಹೋಗುತ್ತಿದ್ದವು. "ಹೊಡೆದರೆ ಜೈಲು" ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಹುಡುಗ ಕೇಳಿದ್ದು ಭೌತವಿಜ್ಞಾನದ ಪ್ರಶ್ನೆ. ಅದಕ್ಕೆ ಭೌತವಿಜ್ಞಾನದಲ್ಲೇ ಉತ್ತರ ಇದೆ, ಆ ಉತ್ತರ ಜಿಂಕೆಯ ಕಿವಿಯವರೆಗೂ ಹೋಗುತ್ತದೆ.

ಕ್ರಾಸ್‌ಬೋವನ್ನು ಕನ್ನಡದಲ್ಲಿ ಅಡ್ಡಬಿಲ್ಲು ಎನ್ನೋಣ. ನಮ್ಮ ಕೋಲಾರ ಸೀಮೆಯ ವೀರಗಲ್ಲುಗಳಲ್ಲಿ ಕಾಣುವ ಬಿಲ್ಲುಗಾರ ಹೆದೆಯನ್ನು ಎಳೆದು, ಗುರಿ ಸಿಗುವವರೆಗೆ ತನ್ನ ತೋಳಿನ ಬಲದಲ್ಲೇ ಹಿಡಿದಿರಬೇಕು. ತೋಳು ನಡುಗಿದರೆ ಗುರಿ ಹೋಯಿತು. ಅಡ್ಡಬಿಲ್ಲಿನಲ್ಲಿ ಹಿಡಿದಿಡುವ ಕೆಲಸ ಒಂದು ಕೊಕ್ಕೆಯದು. ಮುಂದಿರುವ ರಿಕಾಪಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹೆದೆಯನ್ನು ಹಿಂದಕ್ಕೆ ಎಳೆದರೆ 'ಟಕ್' ಎಂದು ಕೊಕ್ಕೆಗೆ ಬೀಳುತ್ತದೆ. ಆಮೇಲೆ ಬಾಣವನ್ನು ಕಾಲುವೆಯಂಥ ತೋಡಿನಲ್ಲಿಟ್ಟು ಕುದುರೆ, ಅಂದರೆ ಟ್ರಿಗರ್, ಒತ್ತುವುದಷ್ಟೇ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ಕೊಕ್ಕೆಯನ್ನು ಕಂಚಿನಲ್ಲಿ ಎರಕ ಹೊಯ್ಯುತ್ತಿದ್ದರು. ವರ್ಷಗಟ್ಟಲೆ ಸಾಧನೆ ಬೇಡುತ್ತಿದ್ದ ಬಿಲ್ವಿದ್ಯೆಯನ್ನು ಇದು ಕೆಲವೇ ದಿನಗಳ ಕಲಿಕೆಗೆ ಇಳಿಸಿತು. ಯುರೋಪಿನಲ್ಲಿ ಇದಕ್ಕೆ ಎಷ್ಟು ಹೆದರಿದ್ದರೆಂದರೆ, 1139ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆ ಕ್ರೈಸ್ತರ ಮೇಲೆ ಇದನ್ನು ಬಳಸಬಾರದೆಂದು ಕಟ್ಟಳೆ ಹೊರಡಿಸಿತು.

ಈಗ ಲೆಕ್ಕಕ್ಕೆ ಬರೋಣ. ಬೇಟೆಗೆಂದು ಮಾರುವ ಇಂದಿನ ಅಡ್ಡಬಿಲ್ಲುಗಳ ಹೆದೆಯನ್ನು ಎಳೆಯಲು ಸುಮಾರು 80 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಅದಕ್ಕೇ ಜೊತೆಯಲ್ಲಿ ರಾಟೆ ಹಾಕಿದ ಹಗ್ಗ ಕೊಡುತ್ತಾರೆ. ಎಳೆಯುವ ದೂರ ಇಮ್ಮಡಿಯಾಗುತ್ತದೆ, ಬಲ ಅರ್ಧಕ್ಕಿಳಿಯುತ್ತದೆ. ಹೀಗೆ ಬಿಲ್ಲಿನ ತೋಳುಗಳಲ್ಲಿ ಕೂಡಿಟ್ಟ ಶಕ್ತಿ ಕುದುರೆ ಒತ್ತಿದ ಕ್ಷಣದಲ್ಲಿ ಬಾಣಕ್ಕೆ ಹೋಗಬೇಕು. ಬಾಣವಿಲ್ಲದೆ ಖಾಲಿ ಹೊಡೆದರೆ ಹೋಗಲು ಬೇರೆ ದಾರಿಯಿಲ್ಲದೆ ಅದು ಬಿಲ್ಲಿನ ತೋಳುಗಳಿಗೇ ತಿರುಗುತ್ತದೆ. ತೋಳು ಸೀಳಬಹುದು, ಚೂರು ಹೊಡೆದವನ ಮುಖಕ್ಕೇ ಬರಬಹುದು. ಹೆದೆ ಓಡುವ ದಾರಿಯಲ್ಲಿ ಹೆಬ್ಬೆರಳು ಇದ್ದರೆ ಅದರ ಗತಿ ಬೇರೆ ಹೇಳಬೇಕಿಲ್ಲ.

26 ಗ್ರಾಂ ತೂಕದ ಬಾಣ ಸೆಕೆಂಡಿಗೆ 105 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಅದರ ಚಲನಶಕ್ತಿ ಸುಮಾರು 143 ಜೂಲ್. ಇದೇನು ಭಾರಿ ಅಂಕಿಯಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನಲ್ಲೂ 120 ಜೂಲ್ ಇರುತ್ತದೆ. ಚೆಂಡು ತಾಗಿದರೆ ಸಾಮಾನ್ಯವಾಗಿ ಬಾವು, ಕೆಲವೊಮ್ಮೆ ಮೂಳೆ ಮುರಿತ. ಬಾಣದ ಶಕ್ತಿ ಬ್ಲೇಡಿನಷ್ಟು ತೆಳುವಾದ ಅಂಚಿನ ಮೇಲೆ ಕೂತಿರುತ್ತದೆ. ಹಾಗಾಗಿ ಅದು ಒಳಗೆ ಹೋಗುತ್ತದೆ.

ಬಂದೂಕಿನ ಗುಂಡು ತನ್ನ ಸುತ್ತಲಿನ ಮಾಂಸವನ್ನೂ ಛಿದ್ರಗೊಳಿಸುತ್ತದೆ. ಬಾಣ ಹಾಗಲ್ಲ, ಕತ್ತರಿಸುತ್ತದೆ. ಪ್ರಾಣಿ ಸಾಯುವುದು ರಕ್ತ ಸೋರಿ. ಬಾಣ ಎರಡೂ ಪುಪ್ಪುಸಗಳನ್ನೋ ಹೃದಯವನ್ನೋ ಸೀಳಿದರೆ ಬೇಗ ಬೀಳುತ್ತದೆ. ಒಂದು ಗೇಣು ಹಿಂದೆ, ಹೊಟ್ಟೆಗೆ ಬಿದ್ದರೆ ಗಾಯಗೊಂಡ ಜೀವ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನವೇ ನರಳುತ್ತದೆ. ಅಡ್ಡಬಿಲ್ಲಿನ ಬೇಟೆಯ ಪ್ರಶ್ನೆಯೆಲ್ಲ ಆ ಒಂದು ಗೇಣಿನಲ್ಲಿದೆ.

ಆ ಗೇಣನ್ನು ಕೆಡಿಸುವುದು ಸದ್ದು. ಕುದುರೆ ಒತ್ತಿದಾಗ ಹೆದೆ ಬಡಿದು ಜೋರಾದ ಸದ್ದಾಗುತ್ತದೆ. ನಮ್ಮ ಬಯಲುಸೀಮೆಯ ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಬಾಣದ್ದರ ಮೂರು ಪಟ್ಟಿಗಿಂತ ಹೆಚ್ಚು. ಜಿಂಕೆ 50 ಮೀಟರ್ ದೂರದಲ್ಲಿದ್ದರೆ ಸದ್ದು 0.15 ಸೆಕೆಂಡಿನೊಳಗೆ ಅದರ ಕಿವಿ ಮುಟ್ಟುತ್ತದೆ. ಬಾಣಕ್ಕೆ 0.48 ಸೆಕೆಂಡು ಬೇಕು. ನಡುವೆ ಸೆಕೆಂಡಿನ ಮೂರನೇ ಒಂದು ಭಾಗ ಜಿಂಕೆಯ ಕೈಯಲ್ಲಿದೆ.

ಆ ಹೊತ್ತಿನಲ್ಲಿ ಅದು ಏನು ಮಾಡುತ್ತದೆ? ಜಿಂಕೆ ನೆಗೆಯುವ ಮೊದಲು ಕುಸಿಯುತ್ತದೆ. ಸ್ಪ್ರಿಂಗ್ ಒತ್ತಿದ ಹಾಗೆ ಮೊಣಕಾಲು ಮಡಚಿ ಮೈಯನ್ನು ಕೆಳಗೆ ಬಿಡುತ್ತದೆ, ಆಮೇಲೆ ಚಿಮ್ಮುತ್ತದೆ. ನರಗಳು ಎಚ್ಚರಗೊಳ್ಳಲು 0.1 ಸೆಕೆಂಡು ಹೋಯಿತು ಎಂದಿಟ್ಟುಕೊಂಡರೂ ಉಳಿದ 0.23 ಸೆಕೆಂಡಿನಲ್ಲಿ ಗುರುತ್ವ ಅದರ ಮೈಯನ್ನು 26 ಸೆಂಟಿಮೀಟರಿನವರೆಗೆ ಇಳಿಸಬಲ್ಲದು. ಗೇಣಿಗೂ ಹೆಚ್ಚು! ಎದೆಗೆಂದು ಬಿಟ್ಟ ಬಾಣ ಬೆನ್ನಿನ ಮೇಲೆ ಹಾರಿಹೋಗುತ್ತದೆ, ಇಲ್ಲವೇ ಬೆನ್ನುಮೂಳೆಯ ಬಳಿ ಕೊಲ್ಲದ ಗಾಯ ಮಾಡುತ್ತದೆ. ಅದೇ 30 ಮೀಟರಿನಲ್ಲಾದರೆ ಕುಸಿತ ಬರೀ 5 ಸೆಂಟಿಮೀಟರ್. ದೂರ ಇಮ್ಮಡಿಯೂ ಆಗಿಲ್ಲ, ತಪ್ಪು ಐದು ಪಟ್ಟಾಯಿತು.

ಇದರ ಮೇಲೆ ದೂರದ ಅಂದಾಜೂ ಕೈಕೊಡುತ್ತದೆ. 50 ಮೀಟರ್ ಹೋಗುವಷ್ಟರಲ್ಲಿ ಬಾಣವೂ ಒಂದು ಮೀಟರಿಗಿಂತ ಹೆಚ್ಚು ಕೆಳಗಿಳಿದಿರುತ್ತದೆ. ಆ ದೂರವನ್ನು 45 ಮೀಟರ್ ಎಂದು ತಿಳಿದು ಗುರಿಯಿಟ್ಟರೆ ಅರ್ಧ ಗೇಣಿನಷ್ಟು ತಪ್ಪು. ಹಗುರವಾದ ಬಾಣ ಹಾಕಿ ವೇಗ ಹೆಚ್ಚಿಸೋಣ ಎಂದರೆ, ಅದು ಬಿಲ್ಲಿನ ಶಕ್ತಿಯನ್ನು ಪೂರ್ತಿ ಒಯ್ಯುವುದಿಲ್ಲ. ಉಳಿದ ಶಕ್ತಿ ಕಂಪನವಾಗಿ ಸದ್ದು ಹೆಚ್ಚುತ್ತದೆ. ಬೇಟೆಯ ಅಡ್ಡಬಿಲ್ಲಿನ ಯಾವ ಬಾಣವೂ ಶಬ್ದವನ್ನು ಹಿಂದೆ ಹಾಕುವುದಿಲ್ಲ. ಅಮೆರಿಕದ ಬೇಟೆಗಾರ ದಟ್ಟ ಮರಗಳ ನಡುವೆ ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕೂರುವುದು ಇದಕ್ಕೇ: ಜಿಂಕೆ ತಾನಾಗಿ 20-30 ಮೀಟರಿನೊಳಗೆ ಬರಬೇಕು.

ನಮ್ಮ ಕೆ.ಜಿ.ಎಫ್. ಬಯಲಿಗೆ ಈ ಲೆಕ್ಕವನ್ನು ತನ್ನಿ. ಇಲ್ಲಿ ಕಾಣುವುದು ಕೃಷ್ಣಮೃಗ. ನಾವೆಲ್ಲ ಜಿಂಕೆ ಎಂದೇ ಕರೆದರೂ ಅದು ಹುಲ್ಲೆಯ ಜಾತಿ. ಕವಲಿಲ್ಲದ, ಜೀವಮಾನವಿಡೀ ಉದುರದ ಕೊಂಬು ಅದರದು. ಚುಕ್ಕಿಜಿಂಕೆಯ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಹುಟ್ಟುತ್ತದೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆ 1974ರಿಂದ ಅಭಯಾರಣ್ಯವಿದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಮೀಸಲು ಪ್ರದೇಶವಿದೆ. ಕೆ.ಜಿ.ಎಫ್.ನವು ಬದುಕಿರುವುದು ಗಣಿ, ಕಾರ್ಖಾನೆಗಳ ಸುತ್ತ ಖಾಲಿ ಬಿದ್ದ ಹುಲ್ಲುಬಯಲಿನಲ್ಲಿ. ಬೆಳಗಿನ ಹೊತ್ತು ನೋಡಬೇಕು. ಹೆಣ್ಣುಗಳು ತಲೆ ತಗ್ಗಿಸಿ ಮೇಯುತ್ತಿರುತ್ತವೆ, ಅದರಲ್ಲಿ ಒಂದಾದರೂ ತಲೆಯೆತ್ತಿ ನಿಂತಿರುತ್ತದೆ. ಕಿವಿಗಳು ಒಂದು ಮುಂದಕ್ಕೆ, ಒಂದು ಪಕ್ಕಕ್ಕೆ, ಬೇರೆಬೇರೆಯಾಗಿ ತಿರುಗುತ್ತವೆ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಹಿಂದಿನಿಂದ ಬರುವವರೂ ಕಾಣುತ್ತಾರೆ. ಅಡಗಲು ಮರವಿಲ್ಲ, ಪೊದೆಯಿಲ್ಲ. ಅಂಥ ಹಿಂಡಿನ 30 ಮೀಟರ್ ಹತ್ತಿರಕ್ಕೆ ಮನುಷ್ಯ ಹೋಗುವುದು ಬಲು ಕಷ್ಟ. ಎಪ್ಪತ್ತು ಎಂಬತ್ತು ಮೀಟರಿನಿಂದ ಬಾಣ ಬಿಟ್ಟವನು ಬೇಟೆಗಾರನಲ್ಲ, ಬರೀ ಗಾಯ ಮಾಡುವವನು. ಈ ಮಾತನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಬ್ರಿಟನ್ 1981ರ ಕಾಯ್ದೆಯಲ್ಲಿ ಕಾಡುಪ್ರಾಣಿಗಳನ್ನು ಬಿಲ್ಲು, ಅಡ್ಡಬಿಲ್ಲುಗಳಿಂದ ಕೊಲ್ಲುವುದನ್ನು ನಿಷೇಧಿಸಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಅದರಲ್ಲಿ 'ಆಯುಧ' ಎಂದರೆ ಬಂದೂಕಿನ ಜೊತೆ ಬಿಲ್ಲು-ಬಾಣ, ಬಲೆ, ಉರುಳು, ವಿಷ ಎಲ್ಲವೂ ಸೇರುತ್ತವೆ. 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಅಟ್ಟಿಸುವುದು, ಹಾಗೆ ಮಾಡಲು ಯತ್ನಿಸುವುದು ಕೂಡ. ಗುರಿ ತಪ್ಪಿದ ಬಾಣವೂ ಅಪರಾಧವೇ. ಕೃಷ್ಣಮೃಗ ಮೊದಲ ಪರಿಚ್ಛೇದದಲ್ಲಿದೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಅಡ್ಡಬಿಲ್ಲಿಗೆ ಒಳ್ಳೆಯ ಕೆಲಸವೂ ಇದೆ. ತಿಮಿಂಗಿಲ ಸಂಶೋಧಕರು ದೋಣಿಯಲ್ಲಿ ನಿಂತು ಟೊಳ್ಳು ತುದಿಯ ಬಾಣ ಹೊಡೆಯುತ್ತಾರೆ. ಅದು ಚರ್ಮದ ಸಣ್ಣ ಚೂರನ್ನಷ್ಟೇ ಕಿತ್ತುಕೊಂಡು ಪುಟಿದು ನೀರಿನ ಮೇಲೆ ತೇಲುತ್ತದೆ. ಆ ಚೂರಿನಿಂದ ತಿಮಿಂಗಿಲದ ವಂಶವಾಹಿ ಓದುತ್ತಾರೆ. ಇದನ್ನು ಹೇಳಿದಾಗ ಹುಡುಗನ ಕಣ್ಣು ಅರಳಿತು. ಅಂಥ ಬಾಣ ಹೇಗೆ ಪುಟಿಯುತ್ತದೆ ಎಂದು ಮಾರಿಕುಪ್ಪಂ ಬರುವವರೆಗೂ ಕೇಳುತ್ತಲೇ ಇದ್ದ.

ಕೊನೆಗೆ ಬಂಗಾರಪೇಟೆ, ಕಾಮಸಮುದ್ರ, ಬೂದಿಕೋಟೆ ಕಡೆಯ ಓದುಗರಿಗೆ ಒಂದು ಮಾತು. ಬೇಸಿಗೆಯಲ್ಲಿ ನೀರು ಹುಡುಕಿ ಊರಿಗೆ ಬರುವ ಜಿಂಕೆಯನ್ನು ನಾಯಿಗಳು ಅಟ್ಟುತ್ತವೆ. ನಾಯಿ ಬಿಡಿಸಿದ ಮೇಲೆ ಜನ ಅಟ್ಟುತ್ತಾರೆ, ಫೋಟೋಗೆಂದು ಸುತ್ತುಗಟ್ಟುತ್ತಾರೆ. ಹೆದರಿ ಓಡಿದ ಜಿಂಕೆಯ ಸ್ನಾಯುಗಳು ಆ ಶ್ರಮಕ್ಕೇ ಒಳಗೊಳಗೆ ಕರಗತೊಡಗುತ್ತವೆ. ಮೈಮೇಲೆ ಒಂದು ಗೀರೂ ಇಲ್ಲದಿದ್ದರೂ ಗಂಟೆಗಳೋ ದಿನಗಳೋ ಕಳೆದ ಮೇಲೆ ಸಾಯಬಹುದು. ಆದ್ದರಿಂದ ದಣಿದು ಬಿದ್ದ ಜಿಂಕೆ ಕಂಡರೆ ನಾಯಿಗಳನ್ನು ಓಡಿಸಿ, ಜನರನ್ನು ದೂರ ನಿಲ್ಲಿಸಿ, ಅದರ ಕಣ್ಣಿನ ಮೇಲೆ ಒಂದು ಬಟ್ಟೆ ಹಾಕಿ. ಸದ್ದು ಮಾಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.